ನಂದಿ ಏರಿನಲ್ಲಿ ಕುದಿಯುತ್ತಿದ್ದ ಎಂಎಂ 540: ಒಂದು ಹಳೇ ಜೀಪಿನ ಕೂಲಿಂಗ್ ಕೆಲಸ

1994ರ ಮಾಡೆಲ್ ಮಹೀಂದ್ರ ಎಂಎಂ 540, ಫೋರ್ ವೀಲ್ ಡ್ರೈವ್. ಒಳಗಿರುವುದು ಪ್ಯೂಜೊ ಎಕ್ಸ್‌ಡಿಪಿ 4.90 ಡೀಸೆಲ್ ಇಂಜಿನ್, 2112 ಸಿಸಿ. ಮಾಲೀಕರು ಶಿಡ್ಲಘಟ್ಟ ಕಡೆಯ ದ್ರಾಕ್ಷಿ ಬೆಳೆಗಾರರು. ವಾರವಿಡೀ ಜೀಪಿಗೆ ತೋಟದ ಕೆಲಸ: ಔಷಧಿ ಡ್ರಮ್ಮು, ಗೊಬ್ಬರದ ಮೂಟೆ, ಆಗಾಗ ಹಿಂದೊಂದು ಟ್ರೇಲರ್. ಭಾನುವಾರ ಬಂತೆಂದರೆ ಅದು ಮಗನ ಕೈಗೆ. ಅವನೂ ಅವನ ಜೊತೆಗಾರರೂ ಕಲ್ಲುಗುಡ್ಡ, ಹಳ್ಳದ ದಾರಿ ಹುಡುಕಿಕೊಂಡು ಹೋಗುತ್ತಾರೆ. ಚಿಕ್ಕಬಳ್ಳಾಪುರದ ನಮ್ಮ ಗ್ಯಾರೇಜಿಗೆ ಗಾಡಿ ಬಂದಾಗ ಹಿಂದಿನ ಸೀಟಿನಲ್ಲಿ ಗೋಣಿಚೀಲದೊಳಗೆ ಒಂದು ಎಲೆಕ್ಟ್ರಿಕ್ ಫ್ಯಾನೂ ಇತ್ತು. ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ತಂದದ್ದು, ಯಾವುದೋ ಕಾರಿನದು.

"ಹೀಟ್ ಆಗ್ತೈತಪ್ಪ. ಇದನ್ನ ಹಾಕ್ಬಿಡು, ಸರಿಹೋಗ್ತೈತೆ," ಅಂದರು.

"ಎಲ್ಲಿ ಹೀಟ್ ಆಗ್ತೈತೆ ಅಣ್ಣ?"

"ಎಲ್ಲಾ ಕಡೇನೂ ಆಗ್ತೈತೆ."

ಈ "ಎಲ್ಲಾ ಕಡೇನೂ" ಅನ್ನುವುದನ್ನು ಬಿಡಿಸದೆ ಸ್ಪ್ಯಾನರ್ ಮುಟ್ಟಬಾರದು. ಅವರನ್ನೂ ಮಗನನ್ನೂ ಕೂರಿಸಿಕೊಂಡು ಕೆದಕಿ ಕೇಳಿದಾಗ ಮೂರು ಬೇರೆ ಬೇರೆ ದೂರು ಹೊರಬಂದವು. ಒಂದು, ಶನಿವಾರ-ಭಾನುವಾರ ನಂದಿಬೆಟ್ಟದ ರಸ್ತೆಯಲ್ಲಿ ಗಾಡಿಗಳ ಸಾಲಿನಲ್ಲಿ ನಿಂತು ನಿಂತು ಹತ್ತುವಾಗ ಬಿಸಿಯ ಮೀಟರಿನ ಮುಳ್ಳು ಮೇಲೇರುತ್ತದೆ. ಕಲ್ಲುದಾರಿಯಲ್ಲಿ ಆಮೆನಡಿಗೆಯಲ್ಲಿ ಹೋಗುವಾಗಲೂ ಅಷ್ಟೇ. ಎರಡು, ಟ್ರೇಲರ್ ತುಂಬಿಕೊಂಡು 44ನೇ ಹೆದ್ದಾರಿಯ ಏರಿನಲ್ಲಿ ಥರ್ಡ್ ಗೇರಿನಲ್ಲಿ ಎಳೆಯುವಾಗ, ಎದುರಿನಿಂದ ಧಾರಾಳ ಗಾಳಿ ಬೀಸುತ್ತಿದ್ದರೂ, ಬಿಸಿ ಏರುತ್ತದೆ. ಮೂರು, ಬೆಟ್ಟದ ಮೇಲೆ ಹೋಗಿ ಇಂಜಿನ್ ಆಫ್ ಮಾಡಿದ ಮೇಲೆ ರೇಡಿಯೇಟರಿನ, ಅಂದರೆ ಇಂಜಿನ್ನಿನ ಬಿಸಿನೀರನ್ನು ಗಾಳಿಗೆ ತಣಿಸುವ ಪೆಟ್ಟಿಗೆಯ, ಕ್ಯಾಪಿನ ಸಂದಿಯಿಂದ ನೀರು ಬುಸುಗುಟ್ಟುತ್ತದೆ. ಆಗ ಮೀಟರಿನ ಮುಳ್ಳು ಕೆಂಪಿಗೆ ಹೋಗಿಯೇ ಇರುವುದಿಲ್ಲ.

ಮನೆಯವರಿಗೆ ಇದೆಲ್ಲ ಒಂದೇ ಕಾಯಿಲೆ. ನಮಗೆ ಹಾಗಲ್ಲ. ನಿಧಾನಕ್ಕೆ ಹೋಗುವಾಗ ಮಾತ್ರ ಬಿಸಿಯಾದರೆ ಗಾಳಿಯ ಕಡೆ ನೋಡಬೇಕು. ವೇಗದಲ್ಲಿ, ಭಾರ ಎಳೆಯುವಾಗ ಬಿಸಿಯಾದರೆ ನೀರಿನ ಕಡೆ ನೋಡಬೇಕು. ಬಿಸಿಯಾಗದೇ ಕುದಿದರೆ ಕ್ಯಾಪ್ ನೋಡಬೇಕು. ಈ ಗಾಡಿಯಲ್ಲಿ ಮೂರೂ ಒಟ್ಟಿಗೆ ಸೇರಿಕೊಂಡಿದ್ದವು. ಅದಕ್ಕೇ ಹಿಂದೆ ಯಾರು ಏನು ಮಾಡಿದರೂ ಗುಣ ಕಂಡಿರಲಿಲ್ಲ.

ಹಿಂದಿನವರು ಮಾಡಿದ್ದೇನು ಅನ್ನುವುದು ಬಾನೆಟ್ ಎತ್ತಿದ ಕೂಡಲೇ ಗೊತ್ತಾಯಿತು. ಇಂಜಿನ್ ಕಾಯುವ ತನಕ ನೀರನ್ನು ತಡೆದಿಡುವ ಥರ್ಮೋಸ್ಟಾಟ್ ಇರಲಿಲ್ಲ, ತೆಗೆದು ಎಸೆದಿದ್ದರು. ಫ್ಯಾನಿನ ಸುತ್ತ ಇರಬೇಕಾದ ಕವರ್, ಶ್ರೌಡ್ ಅನ್ನುತ್ತೇವಲ್ಲ, ಅದೂ ಇಲ್ಲ. ಯಾವುದೋ ಕಾಲದಲ್ಲಿ ಇಂಜಿನ್ ಇಳಿಸಿದಾಗ ಬಿಚ್ಚಿಟ್ಟವರು ಮತ್ತೆ ಹಾಕಿಲ್ಲ. ಹಳೇ ಜೀಪುಗಳಲ್ಲಿ ಇದು ಮಾಮೂಲು, ಬೆಲ್ಟ್ ಬದಲಿಸಲು ಅಡ್ಡ ಬರುತ್ತದೆ ಅಂತ ಕಳಚಿ ಮೂಲೆಗೆ ಹಾಕುತ್ತಾರೆ. ಮುಂದೆ ಗ್ರಿಲ್ಲಿಗೆ ಒತ್ತಿಕೊಂಡು ದಪ್ಪ ಪೈಪಿನ ಗಾರ್ಡು, ಅದರ ಮೇಲೆ ನಾಲ್ಕು ದೊಡ್ಡ ಲೈಟು. ಗಾಳಿ ಒಳಬರುವ ದಾರಿಯಲ್ಲಿ ಸುಮಾರು ಅರ್ಧ ಇವಕ್ಕೇ ಹೋಗಿತ್ತು. ಇಂಥ ಗಾರ್ಡುಗಳನ್ನು ತೆಗೆಸಿ ಅಂತ 2017ರ ಡಿಸೆಂಬರಿನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿದೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅದು ತಪ್ಪು. ಕಾನೂನು ಹೇಳಿದರೆ ಮಗ ಕೇಳಲಿಲ್ಲ. ರೇಡಿಯೇಟರಿಗೆ ಗಾಳಿ ಹೋಗಲ್ಲ ಅಂದಾಗ ಒಪ್ಪಿದ.

ಮೊದಲು ಹೆಡ್ ಗ್ಯಾಸ್ಕೆಟ್, ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಇರುವ ಸೀಲ್. ಅದು ಹೋಗಿದ್ದರೆ ಮಿಕ್ಕಿದ್ದೆಲ್ಲ ದಂಡ. ರಾತ್ರಿಯಿಡೀ ಆರಿದ ಇಂಜಿನನ್ನು ಬೆಳಿಗ್ಗೆ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿ ನೀರಿನ ಮೇಲ್ಮೈ ನೋಡಿದೆವು. ಗುಳ್ಳೆ ಬಿಡದೆ ಬರುತ್ತಿದ್ದರೆ ಸಿಲಿಂಡರಿನ ಹೊಗೆ ನೀರಿಗೆ ನುಗ್ಗುತ್ತಿದೆ ಅಂತ ಅರ್ಥ. ಕ್ಯಾಪ್ ಹಾಕಿದ ಮೇಲೆ, ನೀರು ಇನ್ನೂ ತಣ್ಣಗಿರುವಾಗಲೇ ಮೇಲಿನ ಹೋಸ್ ಕಲ್ಲಿನಂತೆ ಬಿಗಿಯಾದರೂ ಅದೇ ಅರ್ಥ. ಎರಡೂ ಇರಲಿಲ್ಲ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಕಪ್ಪಗಿತ್ತೇ ಹೊರತು ಹಾಲು ಬೆರೆತಂತಿರಲಿಲ್ಲ. ಇಷ್ಟು ಸಲ ಕುದಿದೂ ಹೆಡ್ ಉಳಿದಿದೆ ಅಂದರೆ ಅಣ್ಣನ ಪುಣ್ಯ.

ಮಾಪನ

ಡ್ಯಾಶ್‌ಬೋರ್ಡಿನ ಹಳೇ ಮೀಟರನ್ನು ನಾನು ನಂಬುವುದಿಲ್ಲ. ಮೇಲಿನ ಹೋಸಿಗೆ ಒಂದು ಅಡಾಪ್ಟರ್ ಕೂರಿಸಿ, ತಂತಿಯ ಬದಲು ಸಣ್ಣ ಕೊಳವೆಯಿರುವ ಮೆಕ್ಯಾನಿಕಲ್ ಮೀಟರ್ ಹಾಕಿದೆವು. ಜೊತೆಗೆ ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್. ಈ ಗನ್ನು ಹಿಡಿದುಕೊಂಡು ಬರೀ ಹಿತ್ತಾಳೆ ಟ್ಯಾಂಕಿಗೆ ಗುರಿಯಿಟ್ಟರೆ ಸುಳ್ಳು ಹೇಳುತ್ತದೆ. ಹೊಳೆಯುವ ಲೋಹ ಇದ್ದದ್ದಕ್ಕಿಂತ ತಣ್ಣಗೆ ಕಾಣುತ್ತದೆ. ಅಳೆಯುವ ಜಾಗಕ್ಕೆಲ್ಲ ಕಪ್ಪು ಇನ್ಸುಲೇಷನ್ ಟೇಪಿನ ತುಂಡು ಅಂಟಿಸಿ, ಆ ಟೇಪಿನ ಮೇಲೆ ಅಳೆದೆವು.

ನೋಡಬೇಕಾದದ್ದು ರೇಡಿಯೇಟರಿಗೆ ಬಿಸಿನೀರು ಬರುವ ಮೇಲಿನ ಟ್ಯಾಂಕಿಗೂ ತಣಿದ ನೀರು ಹೋಗುವ ಕೆಳಗಿನ ಟ್ಯಾಂಕಿಗೂ ಬಿಸಿಯಲ್ಲಿರುವ ಅಂತರ. ಕ್ರಷರ್ ಕಡೆಯ ಕಚ್ಚಾ ರಸ್ತೆಯಲ್ಲಿ ಲೋ ಗೇರಿನಲ್ಲಿ ನಿಧಾನಕ್ಕೆ ಹತ್ತಿಸಿದಾಗ ಮೇಲೆ 102 ಡಿಗ್ರಿ, ಕೆಳಗೆ 97. ಬಿಸಿನೀರು ರೇಡಿಯೇಟರನ್ನು ದಾಟಿ ಹೋದರೂ ತಣಿಯುತ್ತಿಲ್ಲ, ಅಂದರೆ ಅದರ ಬಿಸಿ ಹೊತ್ತೊಯ್ಯಲು ಗಾಳಿಯೇ ಇಲ್ಲ. ಹೆದ್ದಾರಿಯಲ್ಲಿ ಟ್ರೇಲರ್ ಎಳೆಸಿ, ಏರು ಮುಗಿದ ಕಡೆ ಪಕ್ಕಕ್ಕೆ ನಿಲ್ಲಿಸಿ, ಇಂಜಿನ್ ಓಡುತ್ತಿರುವಾಗಲೇ ಅಳೆದಾಗ ಚಿತ್ರ ತಲೆಕೆಳಗು: ಮೇಲೆ 104, ಕೆಳಗೆ 83. ಗಾಳಿ ಚೆನ್ನಾಗಿದೆ, ತಣಿಸುತ್ತಲೂ ಇದೆ, ಆದರೆ ನೀರೇ ಸಾಕಷ್ಟು ಹರಿಯುತ್ತಿಲ್ಲ. ಎರಡು ಟ್ಯಾಂಕಿನ ನಡುವಿನ ಟ್ಯೂಬುಗಳ ಜಾಲ, ಕೋರ್ ಅನ್ನುತ್ತೇವಲ್ಲ, ಅದರ ಮೇಲೆ ಗನ್ನು ಆಡಿಸಿದರೆ ಎಡಗಡೆ ಕೆಳಮೂಲೆಯಲ್ಲಿ ಅಂಗೈ ಅಗಲದ ಎರಡು ತಣ್ಣನೆ ಪಟ್ಟಿ. ಅಲ್ಲಿನ ಟ್ಯೂಬುಗಳು ಪೂರಾ ಕಟ್ಟಿಕೊಂಡಿದ್ದವು.

ಒಂದೇ ಗಾಡಿ, ಒಂದೇ ಮುಳ್ಳು, ಸುಮಾರು ಒಂದೇ ಡಿಗ್ರಿ. ಕಾರಣ ಮಾತ್ರ ಒಂದಕ್ಕೊಂದು ಉಲ್ಟಾ. ಗೋಣಿಚೀಲದ ಫ್ಯಾನು ಹಾಕಿದ್ದರೆ ಮೊದಲನೆಯದು ಸ್ವಲ್ಪ ಕಡಿಮೆಯಾಗುತ್ತಿತ್ತು, ಎರಡನೆಯದು ಹಾಗೇ ಉಳಿಯುತ್ತಿತ್ತು.

ಮೂರನೇ ದೂರಿಗೆ ಕ್ಯಾಪ್ ಕೈಗೆತ್ತಿಕೊಂಡರೆ ಸಾಕಾಯಿತು. ರಬ್ಬರ್ ಒಣಗಿ ಬಿರಿದಿತ್ತು, ಸ್ಪ್ರಿಂಗ್ ಹೆಬ್ಬೆರಳಿನ ಒತ್ತಿಗೇ ಮಲಗುತ್ತಿತ್ತು. ಸರಿಯಾಗಿ ಒತ್ತಡ ಹಿಡಿಯದ ಕ್ಯಾಪ್ ಇದ್ದರೆ ರೇಡಿಯೇಟರ್ ಹೆಚ್ಚುಕಮ್ಮಿ ತೆರೆದ ಪಾತ್ರೆಯೇ. ನಂದಿಬೆಟ್ಟ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರ. ಅಲ್ಲಿ ನೀರು ಕುದಿಯಲು 100 ಡಿಗ್ರಿ ಬೇಕಿಲ್ಲ, 95ರ ಸುಮಾರಿಗೇ ಕುದಿಯುತ್ತದೆ. ಇಂಜಿನ್ ಆಫ್ ಮಾಡಿದೊಡನೆ ಪಂಪು ನಿಂತು, ಹೆಡ್ಡಿನಲ್ಲಿ ಉಳಿದ ಬಿಸಿಯೆಲ್ಲ ನಿಂತ ನೀರಿಗೆ ಇಳಿಯುತ್ತದೆ. ಮುಳ್ಳು ಕೆಂಪು ಮುಟ್ಟದೆ ಕ್ಯಾಪ್ ಬುಸುಗುಟ್ಟಿದ್ದು ಇದಕ್ಕೇ. ಅರ್ಧ ಬಾರ್ ಒತ್ತಡ (ಒಂದು ಬಾರ್ ಅಂದರೆ ಸಮುದ್ರಮಟ್ಟದ ಗಾಳಿಯ ಒತ್ತಡದ ಆಸುಪಾಸು) ಹಿಡಿಯುವ ಕ್ಯಾಪ್ ಇದ್ದರೆ ಅದೇ ಬೆಟ್ಟದ ಮೇಲೆ ಕುದಿಬಿಂದು 108ರ ಹತ್ತಿರ ಹೋಗುತ್ತದೆ.

ಬೋರ್‌ವೆಲ್ ನೀರು

ಟ್ಯೂಬ್ ಯಾಕೆ ಕಟ್ಟಿಕೊಂಡಿತು? ರೇಡಿಯೇಟರ್ ರಿಪೇರಿಯ ಭಾಯ್ ಗ್ಯಾಸ್ ಟಾರ್ಚಿನಲ್ಲಿ ಬೆಸುಗೆ ಕರಗಿಸಿ ಮೇಲಿನ ಟ್ಯಾಂಕ್ ಎತ್ತಿದಾಗ ಉತ್ತರ ಕಣ್ಣೆದುರೇ ಇತ್ತು. ಟ್ಯೂಬುಗಳ ಬಾಯಿಗೆ ಬೂದುಬಿಳಿ ಪದರ, ಸ್ನಾನದ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ ಅದೇ ಥರ, ನಡುನಡುವೆ ತುಕ್ಕಿನ ಕಂದು. ಭಾಯ್ ಚಪ್ಪಟೆ ಸರಳು ತೂರಿಸಿ ಎಳೆದರು. ಅಕ್ಕಿನುಚ್ಚಿನಷ್ಟು ದಪ್ಪದ ಚಕ್ಕೆಗಳು ಉದುರಿದವು. "ನೀವು ಇದಕ್ಕೆ ನೀರು ಹಾಕಿಲ್ಲ ಸಾರ್, ಸುಣ್ಣ ಹಾಕಿದ್ದೀರ," ಅಂದರು.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ತೋಟಕ್ಕೂ ಮನೆಗೂ ಗಾಡಿಗೂ ಬೋರ್‌ವೆಲ್ಲೇ ಗತಿ, ಅದೂ ಸಾವಿರ ಅಡಿ ದಾಟಿ ಬಂಡೆಯ ಸಂದಿಯಿಂದ ಬರುವ ನೀರು. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದಿದ್ದರೆ 600 ತನಕ ಸಹಿಸಬಹುದು ಅನ್ನುತ್ತದೆ ಭಾರತೀಯ ಮಾನಕ ಐಎಸ್ 10500. 500 ಮಿಲಿಗ್ರಾಂ ಇರುವ ನೀರನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಈ ಜೀಪಿಗೆ ಹಿಡಿಯುವುದು ಹತ್ತು ಲೀಟರ್ ಹತ್ತಿರ. ಒಮ್ಮೆ ತುಂಬಿಸಿದರೆ ಒಳಗೆ ಹೋಗುವ ಗಡಸು ಐದು ಗ್ರಾಂ, ಅದರಿಂದ ಏನೂ ಕೆಡುವುದಿಲ್ಲ. ಆದರೆ ವಾಟರ್ ಪಂಪಿನ ಸೀಲ್ ಹೋಗಿ ಕೆಳಗಿನ ತೂತಿನಿಂದ ಹನಿ ಹನಿ ಸೋರುತ್ತಿತ್ತು. ದಿನಾ ಬೆಳಿಗ್ಗೆ ಅರ್ಧ ಲೀಟರ್ ಮೇಲಿಂದ ಸುರಿಯುವುದು ಮನೆಯವರಿಗೆ ರೂಢಿಯಾಗಿಬಿಟ್ಟಿತ್ತು. ವರ್ಷಕ್ಕೆ 180 ಲೀಟರ್, ಅದರಲ್ಲಿ 90 ಗ್ರಾಂ ಗಡಸು! ಒಂದಷ್ಟು ಸೋರಿಕೆಯಲ್ಲಿ ಹೊರಗೆ ಹೋದರೂ, ಮಿಕ್ಕಿದ್ದು ಬಿಸಿ ಹೆಚ್ಚಿರುವ ಕಡೆ ಕಲ್ಲಾಗಿ ಕೂರುತ್ತದೆ, ಯಾಕೆಂದರೆ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಕರಗದ ಕಾರ್ಬೊನೇಟ್ ಆಗುತ್ತದೆ. ಹಿತ್ತಾಳೆ ಬಿಸಿಯನ್ನು ದಾಟಿಸುವಷ್ಟು ಸಲೀಸಾಗಿ ಈ ಪದರ ದಾಟಿಸುವುದಿಲ್ಲ, ಸುಮಾರು ಐವತ್ತು ಪಟ್ಟು ವ್ಯತ್ಯಾಸ. ಈ ರೇಡಿಯೇಟರಿನ ಜೀವ ತೆಗೆದದ್ದು ಪಂಪಿನ ಆ ಸೋರಿಕೆ. ಸೋರಿ ಹೋದ ನೀರಿಗಿಂತ ಅದರ ಜಾಗಕ್ಕೆ ಬಂದ ನೀರು ಕೆಡಿಸಿದ್ದು ಹೆಚ್ಚು.

ಇದು ಇಂಡೈರೆಕ್ಟ್ ಇಂಜೆಕ್ಷನ್ ಡೀಸೆಲ್ ಅನ್ನುವುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಇಂಧನ ಮೊದಲು ಹೆಡ್ಡಿನೊಳಗಿನ ಪುಟ್ಟ ಕೋಣೆಯಲ್ಲಿ ಹತ್ತಿಕೊಳ್ಳುತ್ತದೆ. ಆ ಕೋಣೆಯ ಗೋಡೆಯ ಮೂಲಕ ನೀರಿಗೆ ಹೋಗುವ ಬಿಸಿ ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ಗಿಂತ ಜಾಸ್ತಿ. ಸಿಲಿಂಡರ್ ಲೈನರುಗಳು, ಅಂದರೆ ಪಿಸ್ಟನ್ ಓಡಾಡುವ ಕೊಳವೆಗಳು, ನೇರ ನೀರಿನಲ್ಲೇ ನಿಂತಿರುವ ಡೀಸೆಲ್ ಇಂಜಿನ್ನುಗಳೂ ಉಂಟು. ಅಂಥವನ್ನು ಬರೀ ನೀರಿನಲ್ಲಿ ಓಡಿಸಿದರೆ ಲೈನರಿನ ಹೊರಮೈಗೆ ಸಣ್ಣ ಸಣ್ಣ ಗುಳಿ ಬೀಳುತ್ತವೆ. ಕೂಲಂಟ್ ಅಂದರೆ ಹಿಮ ಬೀಳುವ ಊರಿನವರಿಗೆ ಅಂತ ನಮ್ಮ ಕಡೆ ಒಂದು ಮಾತಿದೆ. ಚಿಕ್ಕಬಳ್ಳಾಪುರದಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ನಿಜ. ನಮಗೆ ಕೂಲಂಟ್ ಬೇಕಾದದ್ದು ತುಕ್ಕು ತಡೆಯಲು, ಲೈನರ್ ಉಳಿಸಲು.

ಕೆಲಸ

ಸರಳು ಹೊಡೆದ ಮೇಲೆ ಕೋರನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ಹಿಡಿದರೆ ಕಂಡಕಂಡಲ್ಲಿ ಗುಳ್ಳೆ. ಸುಣ್ಣವೇ ಅಷ್ಟು ದಿನ ತೂತು ಮುಚ್ಚಿಕೊಂಡಿತ್ತು. ಹೊಸ ಕೋರ್ ಅನಿವಾರ್ಯ. ಇಲ್ಲಿ ಮೊದಲ ನಿಜವಾದ ಮಾರ್ಪಾಡಿನ ಪ್ರಶ್ನೆ ಎದ್ದಿತು: ಇದ್ದ ಹಾಗೆ ಮೂರು ಸಾಲು ಟ್ಯೂಬೋ, ನಾಲ್ಕು ಸಾಲೋ, ಇಲ್ಲ ಅಲ್ಯೂಮಿನಿಯಂ ರೇಡಿಯೇಟರೋ?

ಅಲ್ಯೂಮಿನಿಯಂ ಹಗುರ, ಚೆನ್ನಾಗಿ ತಣಿಸುತ್ತದೆ. ಮಗನಿಗೆ ಅದರ ಮೇಲೇ ಕಣ್ಣು. ಆದರೆ ಕಲ್ಲು ಬಡಿದು ಸೋರಿದರೆ ಗುಡಿಬಂಡೆಯಲ್ಲೋ ಬಾಗೇಪಲ್ಲಿಯಲ್ಲೋ ಅದನ್ನು ಬೆಸೆದು ಕೊಡುವವರನ್ನು ಹುಡುಕುತ್ತಾ ಅಲೆಯಬೇಕು. ತಾಮ್ರ-ಹಿತ್ತಾಳೆಯದಾದರೆ ಯಾವ ತಾಲ್ಲೂಕು ಕೇಂದ್ರದಲ್ಲೂ ಟಾರ್ಚು, ಸೀಸ ಇಟ್ಟುಕೊಂಡ ಒಬ್ಬರು ಸಿಗುತ್ತಾರೆ. ಕಾಡುದಾರಿಗೆ ಹೋಗುವ ಗಾಡಿಗೆ ದಾರಿಯಲ್ಲೇ ರಿಪೇರಿಯಾಗುವ ಸಾಮಾನೇ ಮೇಲು ಅನ್ನುವುದು ನನ್ನ ಪಕ್ಷ.

ನಾಲ್ಕು ಸಾಲು ಮಾಡಿಸಿದೆವು, ಆದರೆ ಟ್ಯೂಬುಗಳ ನಡುವಿನ ತೆಳು ತಗಡುಗಳನ್ನು, ಅಂದರೆ ಫಿನ್ನುಗಳನ್ನು, ಒತ್ತೊತ್ತಾಗಿ ಬೇಡವೆಂದೆವು. ಭಾಯಿಗೆ ಇದು ವಿಚಿತ್ರ ಅನಿಸಿತು, ಎಲ್ಲರೂ ಒತ್ತಾಗಿಯೇ ಕೇಳುತ್ತಾರಂತೆ. ನಮ್ಮ ಕಡೆ ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆ ಮೇಲೇ ಹರಡಿ ಒಕ್ಕಣೆ ಮಾಡುತ್ತಾರೆ. ಅದರ ಮೇಲೆ ಹಾದು ಬಂದ ಗಾಡಿಯ ರೇಡಿಯೇಟರ್ ತುಂಬ ಹೊಟ್ಟು. ಈ ಜೀಪಿನದ್ದರಲ್ಲೂ ಹುರುಳಿ ಹೊಟ್ಟು, ದೂಳು, ಇಂಜಿನ್ ಎಣ್ಣೆಯ ಜಿಡ್ಡು ಸೇರಿ ರೊಟ್ಟಿಯಾಗಿತ್ತು. ಒತ್ತಾದ ಫಿನ್ನು ಲೆಕ್ಕದಲ್ಲಿ ಹೆಚ್ಚು ತಣಿಸುತ್ತದೆ, ಎರಡು ಸುಗ್ಗಿ ಕಳೆದರೆ ಪೂರಾ ಮುಚ್ಚಿಕೊಳ್ಳುತ್ತದೆ. ಸಡಿಲ ಇದ್ದರೆ ಇಂಜಿನ್ ಕಡೆಯಿಂದ ಮುಂದಕ್ಕೆ ಮೆತ್ತಗೆ ನೀರು ಬಿಟ್ಟರೂ ಹೊಟ್ಟು ಕಳಚಿ ಬರುತ್ತದೆ. ಸರ್ವಿಸ್ ಸ್ಟೇಷನ್ನಿನ ಜೋರು ಪಂಪು ಮಾತ್ರ ಹಿಡಿಯಬಾರದು, ಫಿನ್ನು ಮಡಿಚಿಕೊಳ್ಳುತ್ತದೆ.

ಒಂದು ಸಾಲು ಹೆಚ್ಚಿದ್ದರಿಂದ ಕೋರ್ ದಪ್ಪವಾಗಿ ಫ್ಯಾನಿಗೆ ಹತ್ತಿರ ಬಂತು. ರೇಡಿಯೇಟರ್ ನಿಲ್ಲುವ ಬ್ರಾಕೆಟ್ಟಿನ ತೂತುಗಳನ್ನು ಉದ್ದ ಮಾಡಿ ಅರ್ಧ ಇಂಚು ಮುಂದಕ್ಕೆ ಸರಿಸಿದೆವು, ಕೆಳಗೆ ಹೊಸ ರಬ್ಬರ್ ಕೊಟ್ಟೆವು. ಭಾಯ್ ಹೊಸ ಕೋರನ್ನು ತೊಟ್ಟಿಯಲ್ಲಿ ಗಾಳಿ ಹಿಡಿದು ತೋರಿಸಿದರು. ಟ್ಯಾಂಕುಗಳು ಮಾತ್ರ ಹಳೆಯವೇ. ಅದಕ್ಕೇ 0.9 ಬಾರ್ ಕ್ಯಾಪ್ ಬೇಡವೆಂದು ಅರ್ಧ ಬಾರಿನದನ್ನೇ ಆರಿಸಿಕೊಂಡೆವು. ಕುದಿಬಿಂದು ಏರಿಸುವ ಆಸೆಗೆ ಮೂವತ್ತು ವರ್ಷದ ಬೆಸುಗೆಯನ್ನು ಪರೀಕ್ಷೆ ಮಾಡುವುದು ಜಾಣತನವಲ್ಲ.

ಇನ್ನು ಶ್ರೌಡ್. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನದು, ಅತಿ ಹೆಚ್ಚು ಗುಣ ಕೊಟ್ಟದ್ದು ಇದೇ. ಶ್ರೌಡ್ ಇಲ್ಲದ ಫ್ಯಾನು ತನ್ನ ಎದುರಿನ ದುಂಡು ಜಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ನಾಲ್ಕು ಮೂಲೆ ಸತ್ತಂತೆ. ಜೊತೆಗೆ ಇಂಜಿನ್ ಕಡೆಯ ಬಿಸಿಗಾಳಿಯೇ ಎಲೆಗಳ ತುದಿಯ ಸುತ್ತಿನಿಂದ ವಾಪಸು ಸುತ್ತಿಕೊಂಡು ಬರುತ್ತದೆ. ಅಣ್ಣನ ತೋಟದ ದ್ರಾಕ್ಷಿ ಪೆಟ್ಟಿಗೆಯ ರಟ್ಟನ್ನೇ ಕತ್ತರಿಸಿ ಮೊದಲು ಅಳತೆ ಮಾಡಿಕೊಂಡೆವು. ಕೂತುಕೊಂಡಿತು ಅನಿಸಿದ ಮೇಲೆ 20 ಗೇಜಿನ ಜಿಐ ತಗಡಿನಲ್ಲಿ ಮಾಡಿಸಿದೆವು. ಫ್ಯಾನಿನ ಎಲೆ ಅರ್ಧ ಉಂಗುರದೊಳಗೆ, ಅರ್ಧ ಹೊರಗೆ. ಎಲೆಯ ತುದಿಗೂ ಉಂಗುರಕ್ಕೂ ಒಂದಿಂಚು ಸಂದಿ. ಇನ್ನೂ ಕಡಿಮೆ ಇದ್ದರೆ ಗಾಳಿಗೆ ಒಳ್ಳೆಯದೇ, ಆದರೆ ರೇಡಿಯೇಟರ್ ನಿಂತಿರುವುದು ಚಾಸಿಸ್ ಮೇಲೆ, ಫ್ಯಾನು ಇಂಜಿನ್ ಮೇಲೆ. ಕಲ್ಲಿನ ಮೇಲೆ ಒಂದು ಚಕ್ರ ಎದ್ದಾಗ ಇಂಜಿನ್ ತನ್ನ ಮೌಂಟಿಂಗ್ ರಬ್ಬರಿನ ಮೇಲೆ ಎಷ್ಟು ವಾಲುತ್ತದೆ ಅನ್ನುವುದನ್ನು ಜಾಕ್ ಕೊಟ್ಟು ನೋಡಿಯೇ ಆ ಒಂದಿಂಚು ಇಟ್ಟದ್ದು.

ಶ್ರೌಡಿಗೆ ಒಂದು ದೋಷವಿದೆ. ವೇಗದಲ್ಲಿ ಹೋಗುವಾಗ ಎದುರುಗಾಳಿ ಸಲೀಸಾಗಿ ದಾಟದಂತೆ ಅದೇ ಅಡ್ಡ ನಿಲ್ಲುತ್ತದೆ. ಅದಕ್ಕೆ ನಾಲ್ಕು ಮೂಲೆಯಲ್ಲಿ ಚೌಕ ತೂತು ಕೊಯ್ದು, ಹಳೇ ಟೈರ್ ಟ್ಯೂಬಿನ ತುಂಡುಗಳನ್ನು ಮೇಲಂಚಿಗೆ ಮಾತ್ರ ರಿವೆಟ್ ಹೊಡೆದು ಹಿಂಬದಿಗೆ ಇಳಿಬಿಟ್ಟೆವು. ನಿಧಾನಕ್ಕೆ ಹೋಗುವಾಗ ಫ್ಯಾನಿನ ಎಳೆತಕ್ಕೆ ಅವು ತಗಡಿಗೆ ಅಂಟಿಕೊಳ್ಳುತ್ತವೆ. ಹೆದ್ದಾರಿಯಲ್ಲಿ ಎದುರುಗಾಳಿಗೆ ತಾವೇ ತೆರೆದುಕೊಳ್ಳುತ್ತವೆ. ರೇಡಿಯೇಟರಿನ ಪಕ್ಕ, ಮೇಲಿನ ಸಂದಿಗಳನ್ನೂ ರಬ್ಬರ್ ಪಟ್ಟಿಯಿಂದ ಮುಚ್ಚಿದೆವು.

ಗೋಣಿಚೀಲದ ಫ್ಯಾನು ಚೀಲದಲ್ಲೇ ಉಳಿಯಿತು. ಅಣ್ಣನಿಗೆ ಬೇಸರ, ದುಡ್ಡು ಕೊಟ್ಟು ತಂದದ್ದು. ಅದು ಎಳೆಯುವ ಕರೆಂಟು 15ರಿಂದ 20 ಆಂಪಿಯರ್. ಐಡಲ್‌ನಲ್ಲಿ, ಹೆಡ್‌ಲೈಟ್ ಹಾಕಿಕೊಂಡು, ಆ ಹಳೇ ಆಲ್ಟರ್ನೇಟರ್ ಇಷ್ಟನ್ನು ಹೊರುವುದಿಲ್ಲ. ಹಾಗಂತ ಎಲೆಕ್ಟ್ರಿಕ್ ಫ್ಯಾನು ಕೆಟ್ಟದ್ದು ಅಂತಲ್ಲ. ನೀರು ದಾಟುವವರಿಗೆ ಅದೇ ವಾಸಿ, ಸ್ವಿಚ್ ಆರಿಸಿ ನಿಲ್ಲಿಸಬಹುದು. ಬೆಲ್ಟಿನ ಫ್ಯಾನು ಆಳದ ನೀರಿಗೆ ತಗುಲಿದರೆ ಎಲೆ ಮುಂದಕ್ಕೆ ಬಾಗಿ ರೇಡಿಯೇಟರನ್ನೇ ಕೊಯ್ಯುತ್ತದೆ. 2021ರ ಮಳೆಯ ಥರ ಕೆರೆಗಳೆಲ್ಲ ಕೋಡಿ ಹೋದ ವರ್ಷ ಹುಡುಗರು ನೀರಿಗೆ ಇಳಿಸುವುದಿದ್ದರೆ, ಗ್ರಿಲ್ಲಿಗೆ ಟಾರ್ಪಾಲು ಕಟ್ಟಿ ನಿಧಾನಕ್ಕೆ ದಾಟಿ, ಆ ಕಡೆ ಹೋಗಿ ಬಿಚ್ಚಿ ಅಂತ ಹೇಳಿದ್ದೇನೆ.

ಮಿಕ್ಕವು ಬೇಗ ಮುಗಿದವು. ಹೊಸ ವಾಟರ್ ಪಂಪು, ಬೆಲ್ಟು, ಹೋಸುಗಳು. ಕೆಳಗಿನ ಹೋಸಿನೊಳಗೆ ಸ್ಪ್ರಿಂಗ್ ಇರುವಂಥದ್ದನ್ನೇ ಹಾಕಿದೆವು, ಇಲ್ಲದಿದ್ದರೆ ಪಂಪಿನ ಎಳೆತಕ್ಕೆ ಹೋಸ್ ಚಪ್ಪಟೆಯಾಗುತ್ತದೆ. ಕುದಿದು ಹೊರಬಂದದ್ದು ನೆಲದ ಪಾಲಾಗದೆ ಮತ್ತೆ ಒಳಗೆ ಹೋಗಲಿ ಅಂತ ಕ್ಯಾಪಿನ ಪಕ್ಕದ ಪೈಪಿಗೆ ಒಂದು ರಿಕವರಿ ಬಾಟಲ್. ಭರ್ತಿಗೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರು ಎರಡು ಪಾಲು, ಹಳೇ ಮಾದರಿಯ ಹಸಿರು ಕೂಲಂಟ್ ಒಂದು ಪಾಲು. ಕೂಲಂಟ್ ಹೆಚ್ಚಿದಷ್ಟೂ ಒಳ್ಳೆಯದು ಅಂದುಕೊಳ್ಳಬಾರದು, ಬಿಸಿ ಹೊರುವುದರಲ್ಲಿ ಅದು ನೀರಿಗಿಂತ ಹಿಂದೆ. ಡಿಸ್ಟಿಲ್ಡ್ ಸಿಗದ ಕಡೆ ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರಾದರೂ ಸರಿ, ಬೋರಿನದು ಬೇಡ.

82 ಡಿಗ್ರಿಗೆ ತೆರೆಯುವ ಥರ್ಮೋಸ್ಟಾಟನ್ನು ವಾಪಸು ಹಾಕಿದ್ದಕ್ಕೆ ಅಣ್ಣ ಜಗಳವನ್ನೇ ತೆಗೆದರು. "ಅದಿದ್ರೇ ಹೀಟ್ ಆಗೋದು ಅಂತ ಎಲ್ಲಾ ಮೆಕ್ಯಾನಿಕ್ಕೂ ಹೇಳ್ತಾರಲ್ಲಪ್ಪ." ಅವರೆದುರೇ ಒಂದು ಪಾತ್ರೆ ನೀರು ಸ್ಟೌವ್ ಮೇಲಿಟ್ಟು ಅದನ್ನು ದಾರದಲ್ಲಿ ಇಳಿಬಿಟ್ಟೆ. ಬಾಯಿ ತೆರೆದು ಅಗಲವಾಗುವುದನ್ನು ಬಗ್ಗಿ ನೋಡಿದರು. ಬಿಸಿಯಾದ ಮೇಲೆ ಅದು ತಡೆಯುವುದಿಲ್ಲ. ತಣ್ಣಗಿದ್ದಾಗ ಮಾತ್ರ ತಡೆದು ಇಂಜಿನನ್ನು ಬೇಗ ಕಾಯಿಸುತ್ತದೆ. ತೆಗೆದು ಎಸೆದರೆ ಡಿಸೆಂಬರಿನ ಬೆಳಗಿನಲ್ಲಿ ಡೀಸೆಲ್ ಇಂಜಿನ್ ಎಷ್ಟು ದೂರ ಹೋದರೂ ಕಾಯದೆ ಬಿಳಿಹೊಗೆ ಉಗುಳುತ್ತದೆ, ಸಿಲಿಂಡರ್ ಸವೆಯುತ್ತದೆ.

ಆಮೇಲೆ

ಅದೇ ಕ್ರಷರ್ ರಸ್ತೆ, ಅದೇ ಲೋ ಗೇರ್, ಹೊರಗಿನ ಬಿಸಿಲು ಹಿಂದಿನ ಸಲಕ್ಕಿಂತ ಎರಡು ಡಿಗ್ರಿ ಜಾಸ್ತಿ. ಮೇಲೆ 91, ಕೆಳಗೆ 82. ನಂದಿ ಸಾಲಿನಲ್ಲಿ ನಿಂತು ಹತ್ತಿದಾಗಲೂ 93 ದಾಟಲಿಲ್ಲ. ಮೇಲೆ ಹೋಗಿ ಆಫ್ ಮಾಡಿದರೆ ಬಾಟಲಿನಲ್ಲಿ ಮಟ್ಟ ಒಂದಿಷ್ಟು ಏರಿ, ಆರಿದ ಮೇಲೆ ವಾಪಸು ಇಳಿಯಿತು. ಕ್ಯಾಪ್ ಮಾಡಬೇಕಾದ ಕೆಲಸ ಅದೇ. ಗಾರ್ಡೂ ಲೈಟುಗಳೂ ಶೆಡ್ಡಿನಲ್ಲಿವೆ.

ಟ್ರೇಲರ್ ಎಳೆಯುವಾಗ ಮಾತ್ರ ಏರಿನ ತುದಿಯಲ್ಲಿ ಈಗಲೂ 97 ತನಕ ಹೋಗುತ್ತದೆ. ಕುದಿಯುವುದಿಲ್ಲ, ಏರು ಮುಗಿದರೆ ಇಳಿಯುತ್ತದೆ, ಆದರೂ ಅಷ್ಟು ಹೋಗಬಾರದು. ಅದಕ್ಕೆ ರೇಡಿಯೇಟರ್ ಹೊಣೆಯಲ್ಲ. ಎಳೆತ ಹೆಚ್ಚಲಿ ಅಂತ ಯಾರೋ ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿ ಇಂಧನ ಜಾಸ್ತಿ ಮಾಡಿದ್ದಾರೆ, ಏರಿನಲ್ಲಿ ಸೈಲೆನ್ಸರಿನಿಂದ ಕರೀಹೊಗೆ ಬರುವುದು ಅದಕ್ಕೇ. ಪಂಪು ಇಳಿಸಿ ಕ್ಯಾಲಿಬ್ರೇಷನ್‌ಗೆ ಕೊಡಬೇಕು. ಎಳೆತ ಕಮ್ಮಿಯಾದರೆ ಟ್ರೇಲರ್ ಗತಿಯೇನು ಅಂತ ಅಣ್ಣ, ಎಳೆತ ಕಮ್ಮಿಯಾದರೆ ಗುಡ್ಡದ ಗತಿಯೇನು ಅಂತ ಮಗ. ದ್ರಾಕ್ಷಿ ಕಟಾವು ಮುಗಿಯುವ ತನಕ ಗಾಡಿ ಬಿಟ್ಟಿರಲು ಆಗುವುದಿಲ್ಲ, ಆಮೇಲೆ ತಂದು ನಿಲ್ಲಿಸುತ್ತೇವೆ ಅಂದಿದ್ದಾರೆ.